ಶ್ರೀಶೈಲದಿಂದ ಸೊನ್ನಲಿಗೆಗೆ



ಹೋಳಿ ಹುಣ್ಣಿಮೆ ಕಳೆದು ಯುಗಾದಿ ಹತ್ತಿರ ಬಂತೆಂದರೆ ನಮ್ಮ ಉತ್ತರ ಕರ್ನಾಟಕದ ಹಾದಿಗಳಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು ಕಾಣಿಸುತ್ತದೆ. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯನ ನಾಮ, ಕಾಲಲ್ಲಿ ಬೊಬ್ಬೆ. ಅಂಥವರಿಗೆ ದಾರಿಯ ಮಠಗಳಲ್ಲಿ, ಗುಡಿಗಳಲ್ಲಿ, ಎಷ್ಟೋ ಮನೆಗಳ ಪಡಸಾಲೆಯಲ್ಲಿ ಒಂದು ರಾತ್ರಿಯ ಆಸರೆ, ಒಂದು ಹೊತ್ತಿನ ಪ್ರಸಾದ ಸಿಗುತ್ತದೆ. ಇದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ.

ಅಂಥದೊಂದು ತಂಡ ಒಮ್ಮೆ ನಮ್ಮಲ್ಲಿ ತಂಗಿತ್ತು. ದಾಸೋಹ ಮುಗಿಯಿತು, ಭಜನೆ ಮುಗಿಯಿತು, ಎಲ್ಲರೂ ಕಂಬಳಿ ಹಾಸಿ ಮಲಗಿದರು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಮಾತ್ರ ಕಂಬಕ್ಕೆ ಒರಗಿ ಕುಳಿತೇ ಇದ್ದರು. ಹತ್ತಿರ ಕರೆದು ಮಾತಾಡಿಸಿದೆವು. ಎಲ್ಲರೂ ಮಲ್ಲಯ್ಯನ ದರ್ಶನ ಮಾಡಿಕೊಂಡು ಊರಿಗೆ ತಿರುಗುತ್ತಾರೆ, ತಾವು ಮಾತ್ರ ತಿರುಗಿ ಬರುವವರಲ್ಲ, ಗುಡ್ಡದಲ್ಲಿ ಯಾವುದಾದರೂ ಮೂಲೆ ಹಿಡಿದು ಇದ್ದುಬಿಡುತ್ತೇವೆ, ಅದಕ್ಕೆ ಆಶೀರ್ವಾದ ಬೇಕು ಎಂದರು. ಏಕೆಂದು ಕೇಳಿದ ಮೇಲೆ ಒಂದೊಂದಾಗಿ ಹೊರಬಂತು. ಮನೆಯಾಕೆ ಶಿವೈಕ್ಯಳಾಗಿ ಮೂರು ವರ್ಷ. ಇಬ್ಬರು ಮಕ್ಕಳು ಹೊಲ ಪಾಲು ಮಾಡಿಕೊಂಡು ನಡುವೆ ಬದು ಹಾಕಿದ್ದಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ತೆಗೆಸಿದ ಬೋರಿನಲ್ಲಿ ನೀರಿಲ್ಲ, ಅದಕ್ಕೆ ಮಾಡಿದ ಸಾಲ ಇದೆ. ಅಪ್ಪನ ಮಾತಿಗೆ ಆ ಮನೆಯಲ್ಲೂ ಬೆಲೆಯಿಲ್ಲ, ಈ ಮನೆಯಲ್ಲೂ ಬೆಲೆಯಿಲ್ಲ.

ನಾವು ಆ ರಾತ್ರಿ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ದೇವರ ಕಡೆ ಹೊರಟವರನ್ನು ಹೋಗಬೇಡಿ ಎನ್ನಲು ನಾಲಿಗೆ ಏಳುವುದಿಲ್ಲ. ವೈರಾಗ್ಯವೆಂದರೆ ನಮ್ಮ ಪರಂಪರೆಯಲ್ಲಿ ದೊಡ್ಡ ಮಾತು. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಇದೇ ಗುಡ್ಡವನ್ನು ಹುಡುಕಿಕೊಂಡು ಎಂಟುನೂರು ವರ್ಷಗಳಿಗೂ ಹಿಂದೆ ನಡೆದು ಹೋದ ಒಬ್ಬ ದನಗಾಹಿ ಬಾಲಕ ಮತ್ತೆ ಮತ್ತೆ ನೆನಪಾಗುತ್ತಿದ್ದ. ಬೆಳಗಿನ ಜಾವ ತಂಡ ಹೊರಡುವ ಮುನ್ನ ಎಲ್ಲರನ್ನೂ ಕೂಡಿಸಿ ಆ ಬಾಲಕನ ಚರಿತ್ರೆಯನ್ನೇ ಹೇಳಿದೆವು. ಅದನ್ನೇ ಈ ವಾರ ಇಲ್ಲಿ ಅರಿಕೆ ಮಾಡುತ್ತಿದ್ದೇವೆ.

ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಈಗ ಅದು ಮಹಾರಾಷ್ಟ್ರಕ್ಕೆ ಸೇರಿದೆ. ಗಡಿಯ ಗೆರೆ ಎಲ್ಲಿ ಬಿದ್ದರೂ ಅಲ್ಲಿನ ಮನೆಮನೆಗಳಲ್ಲಿ ಇಂದಿಗೂ ಕನ್ನಡವುಂಟು, ಸಿದ್ಧರಾಮೇಶ್ವರರ ಹೆಸರುಂಟು. 12ನೆಯ ಶತಮಾನದಲ್ಲಿ ಅದೊಂದು ಸಣ್ಣ ಹಳ್ಳಿ. ಅಲ್ಲಿ ಮುದ್ದುಗೌಡ, ಸುಗ್ಗವ್ವೆ ಎಂಬ ದಂಪತಿ. ಅವರ ಉದರದಲ್ಲಿ ಮಹಾಶಿವಯೋಗಿಯೊಬ್ಬ ಹುಟ್ಟುತ್ತಾನೆಂದು ರೇವಣಸಿದ್ಧರು ಮೊದಲೇ ಸೂಚಿಸಿದ್ದರೆಂದು ಪುರಾಣ ಹೇಳುತ್ತದೆ. ಮಗು ಹುಟ್ಟಿತು. ಮನೆದೇವರ ಹೆಸರು ಹಿಡಿದು ಧೂಳಿಮಾಕಾಳ ಎಂದು ಕರೆದರು. ಆ ಮಗುವೇ ಮುಂದೆ ಸಿದ್ಧರಾಮ. ಇವರ ಚರಿತ್ರೆಯನ್ನು ವಿಸ್ತಾರವಾಗಿ ಹಾಡಿದವನು ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ. ಅವನ ಸಿದ್ಧರಾಮ ಚರಿತ್ರೆ 13ನೆಯ ಶತಮಾನದ ಕೃತಿ. ನಮ್ಮ ಹಳ್ಳಿಗಳ ಪುರಾಣ ಪ್ರವಚನಗಳಲ್ಲಿ ಹಿರಿಯರು ಕೇಳಿದ ಕಥೆಯ ಬಹುಪಾಲು ಅಲ್ಲಿಂದಲೇ ಬಂದದ್ದು.

ದೊಡ್ಡವರ ಚರಿತ್ರೆಗಳಲ್ಲಿ ಬಾಲ್ಯವೆಂದರೆ ಬಾಲಲೀಲೆ, ಬುದ್ಧಿಚಾತುರ್ಯ, ಪವಾಡ ಇರುತ್ತವೆ. ಇಲ್ಲಿ ಹಾಗಿಲ್ಲ. ಈ ಹುಡುಗ ಮಾತಾಡುತ್ತಿರಲಿಲ್ಲ. ಓರಗೆಯವರೊಡನೆ ಆಡುತ್ತಿರಲಿಲ್ಲ. ಎಲ್ಲೋ ನೋಡುತ್ತ ಕುಳಿತಿರುತ್ತಿದ್ದ. ಇವನು ಮಂಕು, ಓದು ಬರಹಕ್ಕಲ್ಲ ಎಂದು ಮನೆಯವರು ತಿಳಿದರು. ದನಕರುಗಳ ಹಿಂದೆ ಕಳಿಸಿದರು. ಮನೆಯಲ್ಲಿ ಒಬ್ಬ ಮಗ ಹಾಗಿದ್ದರೆ ತಾಯಿಯ ಹೊಟ್ಟೆ ಎಷ್ಟು ಉರಿಯುತ್ತದೆಂದು ಅನುಭವಿಸಿದವರಿಗೆ ಗೊತ್ತು. ಸುಗ್ಗವ್ವೆ ಅದನ್ನು ಅನುಭವಿಸಿದಳು. ರೇವಣಸಿದ್ಧರ ಮಾತು ಅವಳ ಕಿವಿಯಲ್ಲಿತ್ತು, ಕಣ್ಣೆದುರಿಗೆ ಈ ಮಗ.

ಒಂದು ದಿನ ಹೊಲದಲ್ಲಿ ದನ ಮೇಯಿಸುತ್ತಿದ್ದಾಗ ಒಬ್ಬ ಜಂಗಮ ಬಂದ. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದ. ಹಸಿವೆಯಾಗಿದೆ, ಏನಾದರೂ ಕೊಡು ಎಂದು ಕೇಳಿದ. ಹುಡುಗನ ಬಳಿ ಏನಿರುತ್ತದೆ? ಹೊಲದಲ್ಲಿ ಬಲಿತ ನವಣೆ ಇತ್ತು. ತೆನೆ ಮುರಿದು ಸುಟ್ಟು ಉಜ್ಜಿ ಕೊಟ್ಟ. ಜಂಗಮ ತಿಂದ. ತಿಂದು, ಹೊಟ್ಟೆಯಲ್ಲಿ ಉರಿ ಎದ್ದಿದೆ, ಮೊಸರನ್ನ ತಂದುಕೊಡುತ್ತೀಯಾ ಎಂದು ಕೇಳಿದ. ಹುಟ್ಟಿದಾಗಿನಿಂದ ಯಾರೊಡನೆಯೂ ಬೆರೆಯದ ಹುಡುಗನಿಗೆ ಆ ಅತಿಥಿಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಮನೆಗೆ ಓಡಿದ. ಮಾತು ಬಾರದ ಮಗ ಬಾಗಿಲಲ್ಲಿ ನಿಂತು ಮೊಸರನ್ನ ಕೇಳಿದಾಗ ತಾಯಿಗೆ ಅಚ್ಚರಿಯೂ ಆನಂದವೂ ಆಯಿತು. ಕಲಸಿ ಕೊಟ್ಟಳು. ಹುಡುಗ ಅದನ್ನು ಹಿಡಿದುಕೊಂಡು ಹೊಲಕ್ಕೆ ಓಡಿ ಬಂದರೆ ಜಂಗಮ ಇಲ್ಲ.

ಅಂದು ಆ ಹುಡುಗ ಅತ್ತ ಅಳು ಇನ್ನೂ ನಿಂತಿಲ್ಲವೇನೋ ಎಂದು ಕಥೆ ಹೇಳುವಾಗಲೆಲ್ಲ ನಮಗೆ ಅನಿಸುತ್ತದೆ. ಮಲ್ಲಯ್ಯಾ ಎಂದು ಕೂಗುತ್ತ ಹೊಲ ಹೊಲ ತಿರುಗಿದ. ಆ ಹಾದಿಯಲ್ಲೇ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಕಂಡರು. ನಿನ್ನ ಮಲ್ಲಯ್ಯನನ್ನು ನಾವು ತೋರಿಸುತ್ತೇವೆ ಬಾ ಎಂದರು. ನಂಬಿದ. ಮನೆಗೆ ಹೇಳಲಿಲ್ಲ, ದನಗಳನ್ನು ಅಟ್ಟಲಿಲ್ಲ, ನೂರಾರು ಮೈಲಿ ಅವರ ಹಿಂದೆ ನಡೆದ. ಕೃಷ್ಣಾ ನದಿಯ ದಡದ ನಲ್ಲಮಲ ಕಾಡು ಇಂದಿಗೂ ದಟ್ಟವಾದದ್ದು. ಅಂದು ಹೇಗಿದ್ದಿರಬೇಕು!

ಗುಡಿ ತಲುಪಿದ ಮೇಲೆ ಯಾತ್ರಿಕರು ಗರ್ಭಗುಡಿಯ ಲಿಂಗವನ್ನು ತೋರಿಸಿ, ಇಗೋ ನಿನ್ನ ಮಲ್ಲಯ್ಯ ಎಂದರು. ಹುಡುಗ ಒಪ್ಪಲಿಲ್ಲ. ತನ್ನ ಮಲ್ಲಯ್ಯ ಕಲ್ಲಲ್ಲ, ನವಣೆ ತಿಂದವನು, ಹೊಟ್ಟೆ ಉರಿಯುತ್ತದೆ ಎಂದವನು, ತನ್ನೊಡನೆ ಮಾತಾಡಿದವನು. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದಾದ ಲಿಂಗದ ಮುಂದೆ ನಿಂತು ಇವನು ನನ್ನವನಲ್ಲ ಎನ್ನಲು ಎಂಥ ಎದೆ ಬೇಕು! ಅದು ಅಹಂಕಾರವಲ್ಲ. ಕಂಡದ್ದನ್ನೇ ಕಂಡೆನೆನ್ನುವ ಮಗುವಿನ ಸತ್ಯ.

ಗುಡಿ ಬಿಟ್ಟು ಗುಡ್ಡ ಹತ್ತಿದ. ಮರಗಳನ್ನು ಕೇಳಿದ, ಹಕ್ಕಿಗಳನ್ನು ಕೇಳಿದ. ಕಾಲು ಒಡೆಯಿತು, ದನಿ ಬತ್ತಿತು. ಕೊನೆಗೆ ಆಳವಾದ ಕಮರಿಯೊಂದರ ಅಂಚಿಗೆ ಬಂದು ನಿಂತ. ಕೂಗಿದ ಹೆಸರು ಎದುರು ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಇನ್ನು ತನಗೆ ಈ ಬದುಕೇ ಬೇಡವೆಂದು ಕಮರಿಗೆ ಹಾರಲು ಮುಂದಾದ. ಆಗ ಮಲ್ಲಿಕಾರ್ಜುನ ಬಂದು ಕೈ ಹಿಡಿದ ಎಂದು ರಾಘವಾಂಕ ವರ್ಣಿಸುತ್ತಾನೆ. ಹೊಲದಲ್ಲಿ ನವಣೆ ತಿಂದ ಅದೇ ಮಲ್ಲಯ್ಯ.

ಭಕ್ತರೇ, ಇಲ್ಲಿಯವರೆಗಿನ ಕಥೆ ನಿಮ್ಮಲ್ಲಿ ಬಹುತೇಕರಿಗೆ ಗೊತ್ತು. ಇಲ್ಲಿಗೆ ಬಂದಾಗ ಕೇಳುವವರ ಕಣ್ಣು ತುಂಬುತ್ತದೆ, ಹರಹರ ಮಹಾದೇವ ಎಂದು ಕೈ ಮುಗಿಯುತ್ತಾರೆ, ಕಥೆ ಮುಗಿಯಿತೆಂದು ತಿಳಿಯುತ್ತಾರೆ. ಮುಂದಿನದನ್ನು ಗಮನಿಸುವುದು ಕಡಿಮೆ. ಮಲ್ಲಿಕಾರ್ಜುನ ಆ ಬಾಲಕನನ್ನು ಶ್ರೀಶೈಲದಲ್ಲಿ ಇಟ್ಟುಕೊಳ್ಳಲಿಲ್ಲ.

ಶ್ರೀಶೈಲದಲ್ಲಿ ಉಳಿಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಈ ಹುಡುಗನಿಗಿತ್ತು. ಅವನು ಸಾಲಕ್ಕೆ ಹೆದರಿ ಬಂದವನಲ್ಲ, ಜಗಳಕ್ಕೆ ಬೇಸತ್ತು ಬಂದವನಲ್ಲ, ಬರೀ ಪ್ರೀತಿಯಿಂದ ಬಂದವನು. ಪ್ರಾಣವನ್ನೇ ಕೊಡಲು ನಿಂತವನು. ಅಂಥವನಿಗೂ ದೊರೆತ ಅಪ್ಪಣೆ ಒಂದೇ: ಊರಿಗೆ ಹೋಗು. ಸೊನ್ನಲಿಗೆಯನ್ನೇ ಮತ್ತೊಂದು ಶ್ರೀಶೈಲ ಮಾಡು, ಕೆರೆ ಕಟ್ಟು, ಗುಡಿ ಕಟ್ಟು, ಅಲ್ಲಿಗೇ ನಾನು ಬರುತ್ತೇನೆ. ಇದು ಆ ಅಪ್ಪಣೆಯ ತಾತ್ಪರ್ಯ. ಮಂಕನೆಂದು ತನ್ನನ್ನು ಆಡಿಕೊಂಡ ಊರು, ದನಗಳನ್ನು ಬಿಟ್ಟು ಬಂದುದಕ್ಕೆ ಲೆಕ್ಕ ಕೇಳುವ ಮನೆ. ಅಲ್ಲಿಗೇ ತಿರುಗಿ ಹೋಗಬೇಕು. ಕಮರಿಗೆ ಹಾರುವುದಕ್ಕಿಂತ ಇದು ಕಷ್ಟದ ಕೆಲಸವೆಂದೇ ನಾವು ತಿಳಿದಿದ್ದೇವೆ.

ಕೆಲವರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ಅಕ್ಕಮಹಾದೇವಿಯವರು ಶ್ರೀಶೈಲದ ಕದಳಿಗೆ ಹೋಗಲಿಲ್ಲವೇ, ಅಲ್ಲಮಪ್ರಭುಗಳು ಹೋಗಲಿಲ್ಲವೇ ಎಂದು. ಹೋದರು, ನಿಜ. ಆದರೆ ಅಕ್ಕನವರು ಕೌಶಿಕನ ಅರಮನೆಯನ್ನು ಎದುರಿಸಿ, ಕಲ್ಯಾಣದ ಅನುಭವ ಮಂಟಪದಲ್ಲಿ ಕಠಿಣವಾದ ಪರೀಕ್ಷೆಗೆ ನಿಂತು ಗೆದ್ದು ಹೋದವರು. ಪ್ರಭುಗಳು ಊರೂರು ತಿರುಗಿ ಒಬ್ಬೊಬ್ಬರನ್ನೂ ಎಚ್ಚರಿಸಿ, ಶೂನ್ಯಸಿಂಹಾಸನವನ್ನು ಏರಿ ಇಳಿದು ಹೋದವರು. ಅವರು ಮಾಡಬೇಕಾದದ್ದನ್ನು ಮಾಡಿ ಹೋದರು. ಮಾಡಬೇಕಾದದ್ದರಿಂದ ತಪ್ಪಿಸಿಕೊಂಡು ಹೋಗಲಿಲ್ಲ. ಎರಡು ಹಾದಿಯೂ ಒಂದೇ ಗುಡ್ಡಕ್ಕೆ ಹೋಗುವುದರಿಂದ ನೋಡುವವರಿಗೆ ಒಂದೇ ರೀತಿ ಕಾಣುತ್ತವೆ.

ಸಿದ್ಧರಾಮೇಶ್ವರರು ಸೊನ್ನಲಿಗೆಗೆ ಬಂದು ಕೆಲಸ ಹಿಡಿದರು. ಮಲ್ಲಿಕಾರ್ಜುನನ ಪ್ರತಿಷ್ಠೆಯಾಯಿತು. ಊರಿನ ಸುತ್ತ 68 ಲಿಂಗಗಳ ಪ್ರತಿಷ್ಠೆಯಾಯಿತು. ಎಲ್ಲಕ್ಕಿಂತ ಮಿಗಿಲಾಗಿ ಕೆರೆಯ ಕೆಲಸ ನಡೆಯಿತು.

ಕೆರೆಯ ಮಾತು ಬಂದಾಗ ತುಸು ನಿಲ್ಲಬೇಕು. ಸೊಲ್ಲಾಪುರದ ಸೀಮೆ ನಮ್ಮ ವಿಜಯಪುರ, ಕಲಬುರ್ಗಿ ಸೀಮೆಯಂತೆಯೇ ಮಳೆ ನೆಚ್ಚಲಾಗದ ಬಯಲು. ಎರೆಭೂಮಿ, ಬಂದರೆ ಒಮ್ಮೆಗೇ ಸುರಿದು ಹೋಗುವ ಮಳೆ, ಬಾರದಿದ್ದರೆ ಬರ. ಅಂಥ ಕಡೆ ಕೆರೆಯೆಂದರೆ ಶೋಭೆಗಲ್ಲ, ಜೀವ ಉಳಿಯಲಿಕ್ಕೆ. ಕೆರೆ ಕಟ್ಟುವುದು ಗುಂಡಿ ತೋಡಿದಷ್ಟು ಸುಲಭವೂ ಅಲ್ಲ. ನೀರು ಯಾವ ಕಡೆಯಿಂದ ಹರಿದು ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಅಡಿಯ ಮಣ್ಣು ನೀರನ್ನು ಹಿಡಿಯುತ್ತದೆಯೋ ಕುಡಿಯುತ್ತದೆಯೋ ಎಂದು ನೋಡಬೇಕು. ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಏರಿ ಹಾಕಬೇಕು, ಪದರ ಪದರವಾಗಿ ತುಳಿದು ಗಟ್ಟಿ ಮಾಡಬೇಕು. ಒಳಮೈಗೆ ಅಲೆಯ ಹೊಡೆತ ತಡೆಯಲು ಕಲ್ಲು ಕಟ್ಟಬೇಕು. ನೀರು ಬಿಡಲು ತೂಬು, ಹೆಚ್ಚಾದದ್ದು ಹರಿದು ಹೋಗಲು ಕೋಡಿ. ಕೋಡಿ ಒಂದು ಮೊಳ ಮೇಲಾದರೆ ಏರಿ ಒಡೆಯುತ್ತದೆ, ಒಂದು ಮೊಳ ಕೆಳಗಾದರೆ ನೀರು ನಿಲ್ಲುವುದಿಲ್ಲ. ಕಟ್ಟಿ ಮುಗಿಸಿದರೂ ಮುಗಿಯುವುದಿಲ್ಲ, ಕಾಲಕಾಲಕ್ಕೆ ಹೂಳು ತೆಗೆಯಬೇಕು. ಧ್ಯಾನದಲ್ಲಿ ಕಣ್ಣು ಮುಚ್ಚಿ ಮಾಡುವ ಕೆಲಸವಲ್ಲ ಇದು. ಮಣ್ಣನ್ನು ಇದ್ದಂತೆ ನೋಡದೆ ತನಗೆ ಬೇಕಾದಂತೆ ಕಲ್ಪಿಸಿಕೊಂಡವನ ಕೆರೆಯಲ್ಲಿ ನೀರು ನಿಲ್ಲದು.

ಆ ಕೆರೆಗೆ ಮಣ್ಣು ಹೊತ್ತವರು ಕಲ್ಲು ಒಡೆಯುವವರು, ಒಡ್ಡು ಹಾಕುವವರು, ದುಡಿದು ಉಣ್ಣುವ ಜನ. ಅವರ ನಡುವೆ ಒಬ್ಬ ಶಿವಯೋಗಿ ನಿಂತು ಕೆಲಸ ಮಾಡಿಸಿದ. ನಮ್ಮ ನಾಡಿನ ಭೋವಿ ಸಮಾಜದವರು ಇಂದಿಗೂ ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ನಂಬಿ ನಡೆಯುತ್ತಾರೆ. ಮಣ್ಣಿನ ಕೆಲಸವನ್ನು ಲಿಂಗಪೂಜೆಯ ಸಾಲಿಗೆ ತಂದು ಕೂಡಿಸಿದ ಗುರು ಅವರಿಗೆ ಬೇರೆ ಯಾರು ಸಿಗಬೇಕು?

ಕೆರೆಯೊಂದೇ ಅಲ್ಲ. ಬಡವರ ಮನೆಯ ಮದುವೆಗಳನ್ನು ತಾವೇ ಮುಂದೆ ನಿಂತು ನಡೆಸಿಕೊಟ್ಟರೆಂದು ಹೇಳುತ್ತಾರೆ. ಇದರಲ್ಲೊಂದು ಸ್ವಾರಸ್ಯವಿದೆ. ಅವರು ಸ್ವತಃ ಬ್ರಹ್ಮಚಾರಿಗಳು. ಸಂಸಾರ ಬೇಡವೆಂದವರು ಊರಿನವರ ಸಂಸಾರಗಳಿಗೆ ಚಪ್ಪರ ಹಾಕಿಸಿದರು. ಕುಂಬಾರರ ಮನೆಯ ಹುಡುಗಿಯೊಬ್ಬಳು ಮದುವೆಯಾದರೆ ಇವರನ್ನೇ ಎಂದು ಹಟ ಹಿಡಿದಳಂತೆ. ಅವಳನ್ನು ಗದರಿಸಿ ಓಡಿಸಲಿಲ್ಲ, ಊರು ಬಿಟ್ಟು ತಪಸ್ಸಿಗೂ ಹೋಗಲಿಲ್ಲ. ತಮ್ಮ ಯೋಗದಂಡದೊಡನೆ ಅವಳ ಮದುವೆ ಆಗಲೆಂದು ಅನುಮತಿ ಕೊಟ್ಟರು ಎಂದು ಸೊಲ್ಲಾಪುರದ ಜನ ಹೇಳುತ್ತಾರೆ. ವ್ರತವೂ ಕೆಡಲಿಲ್ಲ, ಹುಡುಗಿಯ ಮನಸ್ಸೂ ಮುರಿಯಲಿಲ್ಲ. ಅದರ ನೆನಪಾಗಿಯೇ ಪ್ರತಿ ವರ್ಷ ಮಕರ ಸಂಕ್ರಾಂತಿಯಲ್ಲಿ ಅಲ್ಲಿ ಗಡ್ಡಾ ಯಾತ್ರೆ ನಡೆಯುತ್ತದೆ. ಎತ್ತರವಾದ ನಂದಿಧ್ವಜಗಳು ಹೊರಡುತ್ತವೆ, 68 ಲಿಂಗಗಳಿಗೆ ಎಣ್ಣೆಯ ಅಭಿಷೇಕವಾಗುತ್ತದೆ, ಅಕ್ಷತೆ ಬೀಳುತ್ತದೆ, ಹೋಮವಾಗುತ್ತದೆ. ನೋಡಲು ಕನ್ನಡಿಗರೂ ಮರಾಠಿಗರೂ ತೆಲುಗರೂ ಲಕ್ಷಗಟ್ಟಲೆ ಸೇರುತ್ತಾರೆ.

ಹೀಗೆ ಹೇಳುತ್ತ ಹೋದರೆ ಸಿದ್ಧರಾಮೇಶ್ವರರ ಕಥೆ ಕಾಯಕದ ಕಥೆಯಾಗಿ ಸುಖವಾಗಿ ಮುಗಿಯುತ್ತಿತ್ತು. ಆದರೆ ನಮ್ಮ ಶರಣರು ಅಷ್ಟು ಸುಲಭಕ್ಕೆ ಯಾರನ್ನೂ ಬಿಟ್ಟವರಲ್ಲ. ಮುಂದಿನ ಪ್ರಸಂಗ ವಿಸ್ತಾರವಾಗಿ ಬರುವುದು ಶೂನ್ಯಸಂಪಾದನೆಯಲ್ಲಿ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ಮೊದಲು ಸಂಗ್ರಹಿಸಿದ ಆ ಗ್ರಂಥ ವಚನಗಳನ್ನು ಸಂವಾದವಾಗಿ ಹೆಣೆದದ್ದು.

ಕೆರೆಯ ಕೆಲಸ ಭರದಿಂದ ಸಾಗಿತ್ತು. ಸಾವಿರಾರು ಜನ ಮಣ್ಣು ಹೊರುತ್ತಿದ್ದರು. ಅಲ್ಲಿಗೆ ಅಲ್ಲಮಪ್ರಭುಗಳು ಬಂದರು. ಬಂದವರು ಕೈ ಮುಗಿಯಲಿಲ್ಲ, ಕೆರೆ ಚೆನ್ನಾಗಿದೆ ಎನ್ನಲಿಲ್ಲ. ಎಲ್ಲಿ ನಿಮ್ಮ ಒಡ್ಡರಾಮ ಎಂದು ಕೇಳಿದರು. ಗುರುವನ್ನು ಹೀಗೆ ಹಗುರವಾಗಿ ಆಡಿದರೆ ಶಿಷ್ಯರು ಸುಮ್ಮನಿರುತ್ತಾರೆಯೇ? ಕಲ್ಲು ಬೀಸಿದರು. ಬೀಸಿದ ಕಲ್ಲುಗಳು ಪ್ರಭುಗಳಿಗೆ ತಾಗದೆ ರಾಶಿಯಾಗಿ ಬಿದ್ದವು. ಸುದ್ದಿ ಹೋಯಿತು. ಸಿದ್ಧರಾಮೇಶ್ವರರೇ ಸಿಟ್ಟಿನಿಂದ ಬಂದರು. ಅವರ ಹಣೆಗಣ್ಣು ತೆರೆಯಿತು, ಬೆಂಕಿ ಹೊರಟಿತು. ಆ ಬೆಂಕಿ ಪ್ರಭುಗಳನ್ನು ಏನೂ ಮಾಡಲಿಲ್ಲ. ಪ್ರಭುಗಳ ಪಾದದಿಂದ ಎದ್ದ ಉರಿ ಅದನ್ನೇ ನುಂಗಿತೆಂದು ಕಥೆ.

ಪವಾಡದ ಭಾಗವನ್ನು ಭಕ್ತಿಯಿಂದ ಕೇಳಿ. ಅದರೊಳಗಿನ ತಿರುಳನ್ನೂ ನೋಡಿ. ಪ್ರಭುಗಳಿಗೆ ಕೆರೆಯ ಮೇಲೆ ದ್ವೇಷವಿರಲಿಲ್ಲ. ಬಾಯಾರಿದವರಿಗೆ ನೀರು ಕೊಡುವುದು ತಪ್ಪೆಂದು ಯಾವ ಶರಣರೂ ಹೇಳಲಾರರು. ಅವರು ಮುಟ್ಟಿ ನೋಡಿದ್ದು ಬೇರೆ ಕಡೆ. ನನ್ನ ಕೆರೆ, ನನ್ನ ಗುಡಿ, ನಾನು ಮಾಡುವ ಪುಣ್ಯ, ನನ್ನನ್ನು ಹೊಗಳುವ ಊರು ಎಂಬ ಗಡ್ಡೆಯೊಂದು ಒಳಗೆ ಬೆಳೆದಿತ್ತೇ ಎಂದು. ಒಂದು ಹಗುರ ಮಾತಿಗೆ ಹಣೆಗಣ್ಣು ತೆರೆದದ್ದೇ ಉತ್ತರವಾಯಿತು. ಒಂದು ಕಾಲಕ್ಕೆ ಮಂಕ ಎಂದರೂ ಸುಮ್ಮನಿದ್ದ ಹುಡುಗ ಒಡ್ಡ ಎಂದರೆ ಉರಿದೆದ್ದ. ಅಷ್ಟು ದೂರ ಬಂದಿದ್ದನೆಂಬುದು ಅವನಿಗೇ ತಿಳಿದಿರಲಿಲ್ಲ.

ಇದನ್ನು ನಾವು ಯಾರನ್ನೋ ಚುಚ್ಚಲು ಹೇಳುತ್ತಿಲ್ಲ. ನಮ್ಮಂಥ ಮಠದಲ್ಲಿ ಇರುವವರಿಗೇ ಇದು ಮೊದಲು ತಾಗುವ ಮಾತು. ದಾಸೋಹ, ಜಾತ್ರೆ, ಶಾಲೆ, ಕಟ್ಟಡ ಎಂದು ಬೆಳಗಿನಿಂದ ರಾತ್ರಿಯವರೆಗೆ ಓಡಾಡುತ್ತೇವೆ. ಆ ಓಡಾಟದಲ್ಲಿ ನಮ್ಮನ್ನು ನಾವು ನೋಡಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಅದೂ ಒಂದು ರೀತಿಯ ಓಟವೇ. ಗುಡ್ಡಕ್ಕೆ ಓಡುವವನನ್ನು ಊರವರು ಗುರುತಿಸುತ್ತಾರೆ. ಕೆಲಸದೊಳಗೆ ಓಡುವವನಿಗೆ ಊರವರೇ ಹಾರ ಹಾಕುತ್ತಾರೆ. ಮಲ್ಲಿಕಾರ್ಜುನ ಕಮರಿಯ ಅಂಚಿನಲ್ಲಿ ಕೈ ಹಿಡಿದು ನಿಲ್ಲಿಸಿದ್ದು ಮೊದಲನೆಯದು. ಕೆರೆಯ ಏರಿಯ ಮೇಲೆ ಪ್ರಭುಗಳು ಮಾತಿನ ಪೆಟ್ಟು ಕೊಟ್ಟು ನಿಲ್ಲಿಸಿದ್ದು ಎರಡನೆಯದು. ಎರಡನೆಯದೇ ಹೆಚ್ಚು ನೋವಿನದೆಂದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ಬಿಡಬೇಕಾಗಿದ್ದದ್ದು ದುಃಖ, ಎರಡನೆಯದರಲ್ಲಿ ಬಿಡಬೇಕಾಗಿದ್ದದ್ದು ಕೀರ್ತಿ.

ಸಿದ್ಧರಾಮೇಶ್ವರರ ದೊಡ್ಡತನವಿರುವುದು ಅವರು ಪ್ರಭುಗಳ ಮಾತಿಗೆ ಬಾಗಿದುದರಲ್ಲಿ. ಅಷ್ಟು ಹೆಸರು ಮಾಡಿದವರು, ತಮ್ಮದೇ ಊರಿನಲ್ಲಿ, ತಮ್ಮದೇ ಶಿಷ್ಯರ ಮುಂದೆ, ತಪ್ಪಾಯಿತೆಂದು ಒಪ್ಪಿ ಪ್ರಭುಗಳೊಡನೆ ಕಲ್ಯಾಣಕ್ಕೆ ಹೊರಟರು. ಕಲ್ಯಾಣವೆಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಬಿಜ್ಜಳನ ರಾಜ್ಯ, ಬಸವಣ್ಣನವರ ಮಹಾಮನೆ, ಅನುಭವ ಮಂಟಪ. ಅಲ್ಲಿ ಇವರಿಗೆ ಇಷ್ಟಲಿಂಗ ದೀಕ್ಷೆಯಾಗಿರಲಿಲ್ಲವೆಂಬ ಚರ್ಚೆ ನಡೆಯಿತು. ಊರ ತುಂಬ ಲಿಂಗಗಳನ್ನು ಸ್ಥಾಪಿಸಿದವರ ಅಂಗದ ಮೇಲೆ ಲಿಂಗವಿರಲಿಲ್ಲ! ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಕಿರಿಯರ ಮುಂದೆ ತಲೆ ಬಾಗಲು ನಮ್ಮಲ್ಲಿ ಎಷ್ಟು ಹಿರಿಯರಿಗೆ ಸಾಧ್ಯ?

ಕಲ್ಯಾಣದ ದಿನಗಳು ಬಹುಕಾಲ ಉಳಿಯಲಿಲ್ಲ. ಕ್ರಿ.ಶ. 1167ರ ಸುಮಾರಿಗೆ ಅಲ್ಲಿ ಕ್ರಾಂತಿಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅಲ್ಲಮಪ್ರಭು, ಚೆನ್ನಬಸವಣ್ಣ, ಅವರ ನಂತರ ಸಿದ್ಧರಾಮೇಶ್ವರರು ಎಂದು ಶೂನ್ಯಸಿಂಹಾಸನದ ಪರಂಪರೆಯನ್ನು ನಾವು ಎಣಿಸುತ್ತೇವೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ಸಾವಿರಕ್ಕೂ ಮಿಕ್ಕ ವಚನಗಳು ನಮಗೆ ಉಳಿದಿವೆ. ತ್ರಿವಿಧಿಗಳೂ ಇವೆ. ಬಸವಸ್ತೋತ್ರ ತ್ರಿವಿಧಿ ಅವುಗಳಲ್ಲಿ ಒಂದು. ಮಾತೇ ಬಾರದವನೆಂದು ದನದ ಹಿಂದೆ ಕಳಿಸಿದ್ದ ಮಗನ ಮಾತುಗಳಿವು! ಅಂಕಿತದಲ್ಲಿ ಕಡೆಯವರೆಗೂ ಅದೇ ಮಲ್ಲಯ್ಯನ ಹೆಸರಿದೆ ಎಂಬುದನ್ನೂ ನೋಡಬೇಕು. ಇಷ್ಟಲಿಂಗ ಕೈಗೆ ಬಂದ ಮೇಲೂ ಹೊಲದಲ್ಲಿ ನವಣೆ ತಿಂದವನನ್ನು ಅವರು ಬಿಡಲಿಲ್ಲ.

ಕಡೆಗೆ ಅವರು ಐಕ್ಯರಾದದ್ದು ಎಲ್ಲಿ? ಶ್ರೀಶೈಲದ ಕದಳಿಯಲ್ಲಲ್ಲ. ಸೊನ್ನಲಿಗೆಯಲ್ಲಿ. ಸೊಲ್ಲಾಪುರಕ್ಕೆ ಹೋದವರು ನೋಡಿರುತ್ತೀರಿ. ಊರ ನಡುವೆ ಕೋಟೆಯ ಮಗ್ಗುಲಲ್ಲಿ ಕೆರೆ, ಕೆರೆಯ ನೀರು ಬಳಸಿದ ಸಿದ್ಧೇಶ್ವರ ದೇವಾಲಯ, ಆ ಆವರಣದಲ್ಲೇ ಅವರ ಗದ್ದುಗೆ. ಕೋಟೆ ಕಟ್ಟಿದವರು ಹೋದರು, ಆಳಿದವರು ಹೋದರು, ಗಿರಣಿಗಳ ಊರೆಂದು ಹೆಸರಾದ ಸೊಲ್ಲಾಪುರದ ಎಷ್ಟೋ ಗಿರಣಿಗಳೂ ಬಾಗಿಲು ಹಾಕಿದವು. ಕೆರೆ ಇದೆ.

ಅಂದು ಬೆಳಗ್ಗೆ ಇಷ್ಟನ್ನೂ ಹೇಳಿ ಮುಗಿಸಿದೆವು. ತಂಡದವರು ಕಂಬಿ ಎತ್ತಿಕೊಂಡರು. ಆ ಹಿರಿಯರು ಕಾಲಿಗೆ ಎರಗಿ ಎದ್ದು, ಒಂದು ಮಾತು ಕೇಳಿದರು. ಹುಡುಗ ತಂದ ಆ ಮೊಸರನ್ನ ಏನಾಯಿತು ಎಂದು. ಇಷ್ಟು ವರ್ಷ ಈ ಕಥೆ ಹೇಳಿದ ನಮಗೆ ಅದು ಹೊಳೆದೇ ಇರಲಿಲ್ಲ. ಉತ್ತರ ತೋಚಲಿಲ್ಲ. ಸುಮ್ಮನೆ ವಿಭೂತಿ ಹಚ್ಚಿ, ಬುತ್ತಿ ಕಟ್ಟಿಸಿ ಕಳಿಸಿದೆವು. ಯಾತ್ರೆ ಬೇಡವೆನ್ನಲಿಲ್ಲ. ಸಿದ್ಧರಾಮೇಶ್ವರರಿಗೂ ಶ್ರೀಶೈಲಕ್ಕೆ ಹೋಗಿಯೇ ಊರಿನ ದಾರಿ ಸಿಕ್ಕಿತ್ತು.

ಯುಗಾದಿ ಕಳೆಯಿತು, ಮಳೆಗಾಲ ಕಳೆಯಿತು. ದೀಪಾವಳಿ ಮುಗಿದ ಮೇಲೆ ಆ ಊರಿನವರೊಬ್ಬರು ಮಠಕ್ಕೆ ಬಂದಿದ್ದರು. ದಾಸೋಹಕ್ಕೆಂದು ಒಂದು ಸಣ್ಣ ಚೀಲ ಇಟ್ಟು, ಇಂಥ ಹಿರಿಯರು ಕಳಿಸಿದ್ದಾರೆ ಎಂದರು. ಬಿಚ್ಚಿ ನೋಡಿದರೆ ನವಣೆ. ಈಗೀಗ ನಮ್ಮ ಕಡೆ ನವಣೆ ಬಿತ್ತುವವರೇ ಅಪರೂಪ. ಮಕ್ಕಳು ಕೂಡಿದರೇ ಎಂದು ಕೇಳಿದೆವು. ಇಲ್ಲವಂತೆ. ಸಾಲ ತೀರಿತೇ ಎಂದರೆ ಅದೂ ಇಲ್ಲವಂತೆ. ಇಬ್ಬರ ಹೊಲದ ನಡುವಿನ ಬದುವಿನ ಅಂಚಿಗೆ ಒಂದು ಪಟ್ಟಿ ಇದೆ, ಅದು ನಿನ್ನದು ನನ್ನದು ಎಂಬ ತಂಟೆಯಲ್ಲಿ ಇಬ್ಬರೂ ಅಲ್ಲಿ ನೇಗಿಲು ಹೂಡುತ್ತಿರಲಿಲ್ಲ. ಅಪ್ಪ ಶ್ರೀಶೈಲದಿಂದ ಬಂದವರೇ ಅದನ್ನು ತಾವೇ ಅಗೆದು, ಎಲ್ಲಿಂದಲೋ ಬೀಜ ತಂದು ನವಣೆ ಹಾಕಿದರಂತೆ. ಈ ಕಡೆಯಿಂದ ಹಿರಿಮಗ, ಆ ಕಡೆಯಿಂದ ಕಿರಿಮಗ ನೋಡುತ್ತ ನಿಂತಿದ್ದರಂತೆ. ಕೊಯ್ಲಿನ ದಿನ ಮಾತ್ರ ಮೊಮ್ಮಕ್ಕಳು ಎರಡೂ ಮನೆಯವರು ಬಂದು ತೆನೆ ಸುಟ್ಟು ತಿಂದರೆಂದು ಅವರು ಹೇಳಿದರು.